ಹರಿಹರದ ದುಂಡುಗಂಬಗಳೂ ಪೊಲಾಳ್ವ ದಂಡನಾಥನೂ

ದಾವಣಗೆರೆ ಜಿಲ್ಲೆಯ ಹರಿಹರದಲ್ಲಿ ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಕಟ್ಟಿಸಿದವನು ಪೊಲಾಳ್ವ ದಂಡನಾಥ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಸೇನಾನಿಯೂ ಮಂತ್ರಿಯೂ ಆಗಿದ್ದ ಆತ ಕವಿಯೂ ಹೌದು. 1268ರಲ್ಲಿ, ಮುಮ್ಮಡಿ ನರಸಿಂಹನ ಕಾಲದಲ್ಲಿ, ದಂಡನಾಯಕ ಸೋಮ ಈ ದೇಗುಲವನ್ನು ವಿಸ್ತರಿಸಿದನು.

ಪೊಲಾಳ್ವನ ತೆರೆದ ಮಂಟಪದ ಸೊಬಗಿರುವುದು ಅದರ ದುಂಡುಗಂಬಗಳಲ್ಲಿ. ಹೊಯ್ಸಳ ಶಿಲ್ಪಿಗಳು ಇಂಥ ಕಂಬಗಳ ಕಲ್ಲನ್ನು ತಿರುಗಿಸುತ್ತ ಕಡೆದು ಬಾಗುಗಳನ್ನು ಮೂಡಿಸುತ್ತಿದ್ದರು. ಇಂದಿನ ವಾಸ್ತುವಿನ್ಯಾಸದ ತಂತ್ರಾಂಶವೂ ಗೆರೆಯೊಂದನ್ನು ಅಕ್ಷದ ಸುತ್ತ ತಿರುಗಿಸಿಯೇ ಇಂಥ ದುಂಡುಮೈಯನ್ನು ರೂಪಿಸುತ್ತದೆ.

ಗರ್ಭಗುಡಿಯ ಮೇಲಿನ ಮೂಲ ಶಿಖರ ಉಳಿದಿಲ್ಲ. ಅಲ್ಲಿರುವುದು ನಂತರದ ಗಾರೆಯ ಗೋಪುರ. ಕಂಬಗಳಾದರೂ ನಿಂತಿವೆ. ಅವುಗಳ ಪ್ರತಿ ಬಾಗನ್ನೂ ಅಳೆದು ಗಣಕದಲ್ಲಿ ದಾಖಲಿಸಿಟ್ಟರೆ, ಶಿಖರಕ್ಕೆ ಬಂದ ಗತಿ ಅವಕ್ಕೆ ಬಂದರೂ ಪೊಲಾಳ್ವನ ಕಟ್ಟಡದ ರೂಪ ಅಳಿಯದು.