ತಾಯಿಯನ್ನು ಸಂತೈಸುವ ಹಾಡು

ತೀರಿಹೋದ ಹಸುಗೂಸಿನ ಬಳಿ ರಾತ್ರಿಯಿಡೀ ಹಾಡುವುದನ್ನು ನೀವು ಕೇಳಿದ್ದೀರಾ? ದಕ್ಷಿಣ ಅಮೆರಿಕದ ಚಿಲಿ ದೇಶದ ಹಳ್ಳಿಗಳಲ್ಲಿ ಅಂಥ ಪದ್ಧತಿಯಿತ್ತು. ಮಗುವಿಗೆ ಬಿಳಿ ಬಟ್ಟೆ ತೊಡಿಸಿ ದೇವದೂತನಂತೆ ಕೂರಿಸುತ್ತಿದ್ದರು. ಗಾಯಕರು ಬೈಬಲ್ಲಿನ ಕಥೆಗಳನ್ನು ಹಾಡಿ, ಕೊನೆಗೆ ಮಗುವೇ ತಾಯಿಗೆ ವಿದಾಯ ಹೇಳುವಂತೆ ಹಾಡುತ್ತಿದ್ದರು. ಜೊತೆಗೆ ಗಿಟಾರ್ ಇಲ್ಲವೇ 25 ತಂತಿಗಳ ಗಿಟಾರೋನ್ ನುಡಿಯುತ್ತಿತ್ತು.

ಈ ಹಾಡುಗಳನ್ನು ಉಳಿಸಿದವರಲ್ಲಿ ವಿಯೊಲೆಟಾ ಪಾರಾ ಪ್ರಮುಖರು. 1917ರಲ್ಲಿ ಹುಟ್ಟಿದ ಅವರ ತಂದೆ ಸಂಗೀತದ ಮೇಷ್ಟ್ರು, ತಾಯಿ ಹೊಲಿಗೆ ಕೆಲಸದವರು. 1953ರ ಸುಮಾರಿಗೆ ವಿಯೊಲೆಟಾ ಹಳ್ಳಿಹಳ್ಳಿ ಸುತ್ತಿ, ವಯಸ್ಸಾದ ಗಾಯಕರ ಮುಂದೆ ಕುಳಿತು ಹಾಡು ಬರೆದುಕೊಂಡರು. ಗಿಟಾರೋನ್ ಆಗ ಗಂಡಸರ ವಾದ್ಯ. ಅದನ್ನು ಇಸಾಯಾಸ್ ಅಂಗುಲೊ ಎಂಬ ಹಳ್ಳಿಯ ಗಾಯಕರಿಂದ ಕಲಿತರು.

1955ರಲ್ಲಿ ಪೋಲೆಂಡಿನ ಯುವಜನೋತ್ಸವಕ್ಕೆ ಹೋದರು. ಅವರು ದೂರದಲ್ಲಿದ್ದಾಗ ಇತ್ತ ಎಳೆಯ ಮಗಳು ರೋಸಿತಾ ಕ್ಲಾರಾ ತೀರಿಕೊಂಡಳು. ಎಷ್ಟೋ ತಾಯಂದಿರ ಸಾಂತ್ವನದ ಹಾಡನ್ನು ಕೂಡಿಟ್ಟ ತಾಯಿ, ತನ್ನ ಮಗುವಿನ ಪಕ್ಕದಲ್ಲಿರಲಿಲ್ಲ. ಮುಂದೆ ಆ ಮಗುವಿಗಾಗಿ ಹಳ್ಳಿಯವರ ಧಾಟಿಯಲ್ಲೇ ಹಾಡು ಕಟ್ಟಿದರು.

ಬದುಕಿಗೆ ಕೃತಜ್ಞತೆ ಹೇಳುವ ಅವರ ಹಾಡು ಲೋಕಕ್ಕೆಲ್ಲ ಪರಿಚಿತ. ಆದರೆ ಅದನ್ನು ಹಾಡಿದ ಮರುವರ್ಷವೇ, 1967ರಲ್ಲಿ, 49ನೆಯ ವಯಸ್ಸಿನಲ್ಲಿ ಅವರು ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಅದು ದೇವರ ಕರುಣೆಗೆ ಬಿಟ್ಟದ್ದು. ಎಲ್ಲರನ್ನೂ ಸಂತೈಸುವವರಿಗೂ ಸಾಂತ್ವನ ಬೇಕೆಂಬುದನ್ನು ನಾವು ಮರೆಯದಿರೋಣ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಅಂಥವರಿದ್ದರೆ, ಇಂದೇ ಹೋಗಿ ಅವರ ಬಳಿ ಸ್ವಲ್ಪ ಹೊತ್ತು ಕುಳಿತು ಬನ್ನಿ.