ಗ್ರಹದ ದೂರಕ್ಕೆ ದಾಳ ಹಾಕಬಹುದು, ಅದರ ವರ್ಷಕ್ಕಲ್ಲ: ಕೆಪ್ಲರ್ ಕಥೆ

ಮೇಜಿನ ಸುತ್ತ ಕೂತು ಆಡುವ ಬಾಹ್ಯಾಕಾಶದ ಆಟಗಳನ್ನು ನೋಡಿದ್ದೀರಾ? ಹೊಸ ನಕ್ಷತ್ರವೊಂದು ಬಂತೆಂದರೆ ಅದಕ್ಕೆ ಎಷ್ಟು ಗ್ರಹ, ಯಾವುದು ಎಷ್ಟು ದೂರ ಎಂದು ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ಆಟವೇ ತಾನೇ ಎಂದು ಆ ಗ್ರಹದ ವರ್ಷಕ್ಕೂ ಇನ್ನೊಂದು ದಾಳ ಹಾಕಿದರೆ ಮಾತ್ರ ಲೆಕ್ಕ ತಪ್ಪುತ್ತದೆ. ದೂರ ಗೊತ್ತಾದ ಕೂಡಲೇ ವರ್ಷ ಎಷ್ಟು ದೊಡ್ಡದೆಂಬುದೂ ನಿಗದಿಯಾಗಿಬಿಡುತ್ತದೆ. ಇದನ್ನು ಕಂಡುಹಿಡಿದವನು ಯೋಹಾನೆಸ್ ಕೆಪ್ಲರ್. ತಮಾಷೆ ಎಂದರೆ, ಗ್ರಹಗಳ ದೂರವೂ ಹೇಗೋ ಬಿದ್ದ ದಾಳವಲ್ಲ ಎಂದೇ ಅವನು ನಂಬಿದ್ದ.

ಅವನು ಹುಟ್ಟಿದ್ದು 1571ರ ಡಿಸೆಂಬರ್ 27ರಂದು, ಈಗಿನ ಜರ್ಮನಿಯ ವೈಲ್ ಡೆರ್ ಶ್ಟಾಟ್ ಎಂಬ ಪುಟ್ಟ ಊರಿನಲ್ಲಿ. ಎಳವೆಯಲ್ಲೇ ಸಿಡುಬು ಬಂದು ಕಣ್ಣು ಮಂದವಾಯಿತು. 1577ರಲ್ಲಿ ದೊಡ್ಡ ಧೂಮಕೇತು ಬಂದಾಗ ಅದನ್ನು ತೋರಿಸಲು ತಾಯಿ ಕಟರೀನಾ ಅವನನ್ನು ಎತ್ತರದ ಜಾಗಕ್ಕೆ ಕರೆದೊಯ್ದಳು. ಈ ತಾಯಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತಾಳೆ.

1595ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಗಣಿತದ ಮೇಷ್ಟ್ರಾಗಿದ್ದಾಗ, ಪಾಠ ಮಾಡುತ್ತಿರುವಾಗಲೇ ಅವನಿಗೊಂದು ಯೋಚನೆ ಹೊಳೆಯಿತು. ಆಗ ಗೊತ್ತಿದ್ದ ಗ್ರಹಗಳು ಭೂಮಿಯೂ ಸೇರಿ ಆರು. ಮುಖ, ಅಂಚು, ಮೂಲೆ ಎಲ್ಲವೂ ಒಂದೇ ಥರ ಇರುವ ಘನಾಕೃತಿಗಳು ಐದೇ ಐದು. ಆರು ಗ್ರಹಗಳ ನಡುವಿನ ಐದು ತೆರವುಗಳಲ್ಲಿ ದೇವರು ಈ ಐದನ್ನೂ ಒಂದರೊಳಗೊಂದು ಕೂರಿಸಿದ್ದಾನೆ ಎಂದುಕೊಂಡ. ಮರುವರ್ಷ ಅದನ್ನೇ ಪುಸ್ತಕ ಮಾಡಿದ. ಅಂಕಿಗಳು ಹೆಚ್ಚುಕಡಿಮೆ ಹೊಂದುತ್ತಿದ್ದವು; ಅಪಾಯ ಇದ್ದದ್ದೂ ಅಲ್ಲೇ. ಅಂದಹಾಗೆ, ಈಗಿನ ಆಟಗಳಲ್ಲಿ ಬರುವ 4, 6, 8, 12, 20 ಮುಖದ ದಾಳಗಳು ಇವೇ ಐದು ಆಕೃತಿಗಳು!

ತನ್ನ ಲೆಕ್ಕಕ್ಕೆ ಒಳ್ಳೆಯ ಅಳತೆ ಬೇಕೆಂದು 1600ರಲ್ಲಿ ಪ್ರಾಗ್‌ಗೆ, ಟೈಕೋ ಬ್ರಾಹೆಯ ಬಳಿಗೆ ಹೋದ. ಮರುವರ್ಷ ಟೈಕೋ ತೀರಿಕೊಂಡ. ಮಂಗಳನ ಅಳತೆಗಳು ಕೆಪ್ಲರ್ ಕೈಗೆ ಬಂದವು. ವರ್ಷಗಟ್ಟಲೆ ಹೆಣಗಿ ಮಂಗಳನಿಗೊಂದು ವೃತ್ತ ಹೊಂದಿಸಿದ. ಟೈಕೋನ ಅಳತೆಗೂ ಅದಕ್ಕೂ ಬಂದ ವ್ಯತ್ಯಾಸ 8 ಕಲೆ, ಅಂದರೆ ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗದಷ್ಟು. ಬೇರೆಯವರಾಗಿದ್ದರೆ ಸಾಕು ಎನ್ನುತ್ತಿದ್ದರೇನೋ. ಟೈಕೋ ಅಷ್ಟು ತಪ್ಪುವವನಲ್ಲ ಎಂದು ಕೆಪ್ಲರ್ ತನ್ನ ಲೆಕ್ಕವನ್ನೇ ಎಸೆದ. ಕೊನೆಗೆ ಸಿಕ್ಕಿದ್ದು ದೀರ್ಘವೃತ್ತ. 1609ರಲ್ಲಿ ಅದು ಅಚ್ಚಾಯಿತು.

ದೀರ್ಘವೃತ್ತ ಎಂದಕೂಡಲೇ ಉದ್ದನೆಯ ಮೊಟ್ಟೆ ಕಣ್ಣಮುಂದೆ ಬರುವುದರಿಂದಲೇ ಇರಬೇಕು, ಜುಲೈ ಹೊತ್ತಿನ ಅಫೀಲಿಯನ್ ಫಾರ್ವರ್ಡ್ ಅಷ್ಟು ಓಡುವುದು. ಸೂರ್ಯನಿಂದ 9 ಕೋಟಿ ಕಿ.ಮೀ. ದೂರವಿದ್ದ ಭೂಮಿ 15.2 ಕೋಟಿಗೆ ಹೋಗುತ್ತದೆ, ಚಳಿ ಕೆಮ್ಮು ಬರುತ್ತದೆ ಎನ್ನುತ್ತದಲ್ಲ, ಅದೇ. 15.2 ಕೋಟಿ ಸರಿ, 9 ಕೋಟಿ ಸುಳ್ಳು. ಜನವರಿಯಲ್ಲಿ ಅತಿ ಹತ್ತಿರ ಬಂದಾಗಲೂ ದೂರ 14.7 ಕೋಟಿ ಇರುತ್ತದೆ. ನಮ್ಮ ಕಕ್ಷೆ ಹೆಚ್ಚುಕಡಿಮೆ ವೃತ್ತವೇ.

ಇನ್ನು ತಾಯಿಯ ವಿಷಯ. 1615ರಲ್ಲಿ ಊರಿನ ಹೆಂಗಸೊಬ್ಬಳು, ಕಟರೀನಾ ಕೊಟ್ಟ ಪಾನೀಯ ಕುಡಿದು ತನಗೆ ಕಾಯಿಲೆಯಾಯಿತು, ಆಕೆ ಮಾಟಗಾತಿ ಎಂದು ದೂರಿದಳು. ಆ ಕಾಲಕ್ಕೆ ಇದಕ್ಕೆ ಶಿಕ್ಷೆ ಮರಣ. ಎಪ್ಪತ್ತು ದಾಟಿದ ಮುದುಕಿಯನ್ನು 1620ರಲ್ಲಿ ಬಂಧಿಸಿ ಸಂಕೋಲೆ ಹಾಕಿದರು. ಕೆಪ್ಲರ್ ಕೆಲಸ ಬದಿಗಿಟ್ಟು ಬಂದು, ಆಪಾದನೆಗಳಿಗೆ ಒಂದೊಂದಾಗಿ ಉತ್ತರ ಬರೆದ. ಚಿತ್ರಹಿಂಸೆಯ ಉಪಕರಣಗಳನ್ನು ಮುಂದಿಟ್ಟು ಹೆದರಿಸಿದರೂ ಆಕೆ ತಪ್ಪೊಪ್ಪಿಕೊಳ್ಳಲಿಲ್ಲ. 14 ತಿಂಗಳ ಮೇಲೆ ಬಿಟ್ಟರು, ಮರುವರ್ಷ ತೀರಿಕೊಂಡಳು.

ಈ ಆಪಾದನೆಯ ನೆರಳಿನಲ್ಲೇ, ಪುಟ್ಟ ಮಗಳನ್ನೂ ಕಳೆದುಕೊಂಡ 1618ರಲ್ಲಿ, ಅವನಿಗೆ ಮೂರನೆಯ ನಿಯಮ ಸಿಕ್ಕಿತು. ಆಟಕ್ಕೆ ಬೇಕಾದದ್ದು ಇದೇ. ನಕ್ಷತ್ರ ಸೂರ್ಯನಷ್ಟೇ ತೂಕದ್ದು ಎಂದುಕೊಳ್ಳಿ. ಗ್ರಹದ ಸರಾಸರಿ ದೂರ ಭೂಮಿಯ ದೂರದ ನಾಲ್ಕು ಪಟ್ಟು ಎಂದು ದಾಳ ಬಿತ್ತು. 4×4×4 ಅಂದರೆ 64. ಅದರ ವರ್ಗಮೂಲ 8. ಆ ಗ್ರಹದ ಒಂದು ವರ್ಷ ನಮ್ಮ 8 ವರ್ಷ. ಒಂಬತ್ತು ಪಟ್ಟು ಬಿದ್ದರೆ 27 ವರ್ಷ. ಕಕ್ಷೆ ಎಷ್ಟು ಚಪ್ಪಟೆ ಎಂಬುದಕ್ಕೆ ಬೇಕಾದರೆ ಇನ್ನೊಂದು ದಾಳ ಹಾಕಿ, ಸರಾಸರಿ ದೂರ ಬದಲಾಗದಿದ್ದರೆ ವರ್ಷ ಬದಲಾಗದು.

ಬರಬೇಕಾದ ಹಣ ಕೇಳಲು ರೇಗನ್ಸ್‌ಬುರ್ಗ್‌ಗೆ ಹೋಗಿದ್ದ ಕೆಪ್ಲರ್ 1630ರ ನವೆಂಬರ್ 15ರಂದು ಅಲ್ಲೇ ಜ್ವರದಿಂದ ಸತ್ತ. ಯುದ್ಧದಲ್ಲಿ ಅವನ ಸಮಾಧಿಯೂ ಅಳಿಸಿಹೋಯಿತು. ಮರುವರ್ಷದ ನವೆಂಬರ್‌ನಲ್ಲಿ, ಅವನು ಮೊದಲೇ ಹೇಳಿಟ್ಟಂತೆ, ಬುಧ ಸೂರ್ಯನ ಮುಖದ ಮೇಲೆ ಹಾದುಹೋಯಿತು.

2009ರಲ್ಲಿ ಹಾರಿದ, ಅವನದೇ ಹೆಸರಿನ ದೂರದರ್ಶಕ ಬೇರೆ ನಕ್ಷತ್ರಗಳ ಸುತ್ತ 2,600ಕ್ಕೂ ಹೆಚ್ಚು ಗ್ರಹಗಳನ್ನು ಹುಡುಕಿಕೊಟ್ಟಿತು. ಕೆಲವು ನಕ್ಷತ್ರಕ್ಕೆ ಅಂಟಿಕೊಂಡಂತೆ ಒಂದೆರಡು ದಿನದಲ್ಲೇ ಸುತ್ತು ಮುಗಿಸುತ್ತವೆ, ಕೆಲವಕ್ಕೆ ವರ್ಷವೇ ಬೇಕು. ಅವುಗಳ ದೂರಗಳು ಆ ಐದು ಆಕೃತಿಗಳಿಗೆ ಹೊಂದುವುದಿಲ್ಲ. ಆದರೆ ಆ ದೂರಗಳನ್ನು ತಿಳಿಯುವುದಾದರೂ ಹೇಗೆ? ಗ್ರಹ ಅಡ್ಡ ಬಂದಾಗಲೆಲ್ಲ ನಕ್ಷತ್ರ ತುಸು ಮಂಕಾಗುತ್ತದೆ. ಎರಡು ಸಲ ಮಂಕಾಗುವುದರ ನಡುವಿನ ಕಾಲವೇ ಆ ಗ್ರಹದ ವರ್ಷ. ಅದನ್ನು ಹಿಡಿದು, ನಕ್ಷತ್ರದ ತೂಕವನ್ನೂ ಸೇರಿಸಿ, ಮೂರನೆಯ ನಿಯಮದಿಂದ ಹಿಂದಕ್ಕೆ ಲೆಕ್ಕ ಹಾಕಿ ದೂರ ಕಂಡುಕೊಳ್ಳುತ್ತಾರೆ.