ಲಂಕೇಶ್ ಯಾರ ಪೈಕಿ?

ನಮ್ಮ ಸಕ್ರೆಬೈಲಿನ ಕಡೆ ಹೊಸಬರು ಸಿಕ್ಕರೆ, ಹೆಸರು ಕೇಳಿದ ಮೇಲೆ ಬರುವ ಪ್ರಶ್ನೆ ಒಂದೇ: ಯಾರ ಪೈಕಿ? ಊರು, ಮನೆತನ, ಜಾತಿ ಮೂರನ್ನೂ ಆ ಎರಡು ಪದದಲ್ಲೇ ಕೇಳಿ ಮುಗಿಸುತ್ತಾರೆ. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ಮೇಲೆ, ನಾನು ಬರೆದಿದ್ದಕ್ಕೂ ಅದೇ ಪ್ರಶ್ನೆ ಬರುತ್ತೆ. ಆಗೆಲ್ಲ ನೆನಪಾಗೋದು ನಮ್ಮದೇ ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯ ಪಿ. ಲಂಕೇಶ್.

1935ರಲ್ಲಿ ರೈತಾಪಿ ಮನೆಯಲ್ಲಿ ಹುಟ್ಟಿದ ಲಂಕೇಶ್ ಇಂಗ್ಲಿಷ್ ಮೇಷ್ಟ್ರಾದರು. ಕಥೆ, ಕವಿತೆ, ನಾಟಕ ಬರೆದರು. 1970ರ ‘ಸಂಸ್ಕಾರ’ ಚಿತ್ರದಲ್ಲಿ ಅಗ್ರಹಾರಕ್ಕೆ ಬೇಡವಾದ ನಾರಣಪ್ಪನ ಪಾತ್ರ ಮಾಡಿದರು. ತಮ್ಮದೇ ‘ಬಿರುಕು’ ಕಾದಂಬರಿಯನ್ನು ‘ಪಲ್ಲವಿ’ ಸಿನಿಮಾ ಮಾಡಿ, ಅತ್ಯುತ್ತಮ ನಿರ್ದೇಶಕ ರಾಷ್ಟ್ರಪ್ರಶಸ್ತಿ ಪಡೆದರು. ಅಲ್ಲಿಗೇ ನಿಲ್ಲಬಹುದಿತ್ತು. ಮೇಷ್ಟ್ರ ಕೆಲಸವನ್ನೂ ಬಿಟ್ಟು, 1980ರಲ್ಲಿ ಜಾಹೀರಾತಿಲ್ಲದ ವಾರಪತ್ರಿಕೆ ಶುರುಮಾಡಿದರು. ಓದುಗರು ಕೊಟ್ಟ ಕಾಸಿನಲ್ಲೇ ಅದು ನಡೀಬೇಕಿತ್ತು.

ಇಷ್ಟೆಲ್ಲ ಮಾಡಿದವರ ಬರಹದ ಕೆಳಗೆ ಒಂದೇ ತಳಮಳ ಇತ್ತು ಅನ್ಸುತ್ತೆ: ನಾನು ಯಾರು ಅನ್ನೋದನ್ನ ಯಾರು ಹೇಳಬೇಕು? ‘ಸಂಕ್ರಾಂತಿ’ ನಾಟಕದಲ್ಲಿ ಕೆಳಜಾತಿಯ ರುದ್ರ ಶರಣನಾಗುತ್ತಾನೆ, ನಯವಾಗಿ ಮಾತಾಡೋದು ಕಲೀತಾನೆ. ಅವನನ್ನು ಪ್ರೀತಿಸಿದ ಉಷಾಗೆ ಬೇಕಾಗಿದ್ದು ಮಾತ್ರ ಹಳೇ ರುದ್ರ. ಲಿಂಗಾಯತ ಮನೆಯಲ್ಲಿ ಹುಟ್ಟಿದವರೊಬ್ಬರು ಬಸವಣ್ಣನ ಕ್ರಾಂತಿಯನ್ನೇ ಹೀಗೆ ಒಳಗಿನಿಂದ ಕೆದಕಿದ್ದು ಸಣ್ಣ ಮಾತಲ್ಲ. ‘ಅವ್ವ’ ಕವಿತೆಯಲ್ಲಿ ತಾಯಿಯನ್ನು ದೇವತೆ ಮಾಡದೆ, ಹೊಲದಲ್ಲಿ ದುಡಿದು ಬದುಕಿದ ಹೆಂಗಸಾಗಿಯೇ ಬಿಟ್ಟರು. ಊರನ್ನೆಲ್ಲ ಬೈಯುತ್ತಿದ್ದ ಸಂಪಾದಕ, ಅದೇ ಪತ್ರಿಕೆಯಲ್ಲಿ ನೀಲು ಎಂಬ ಹೆಣ್ಣಿನ ದನಿಯಲ್ಲಿ ಪುಟ್ಟ ಪದ್ಯ ಬರೆದರು. ಗಂಡಸಾಗಿ ಹೇಳಿಕೊಳ್ಳಲಾಗದ ಆಸೆ, ಅಳುಕುಗಳಿಗೆ ಅಲ್ಲಿ ಜಾಗ ಸಿಕ್ಕಿತು.

ಅವರೇನು ಸಂತರಲ್ಲ. ಪೆನ್ನು ಒರಟು, ಗೆಳೆಯರನ್ನೂ ಬಿಡುತ್ತಿರಲಿಲ್ಲ, ಕೆಲವರು ದೂರವಾದರು. ಆದರೆ ಕಾಸರಗೋಡಿನ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದಾಗ, ಅದು ಧಾರಾವಾಹಿಯಾಗಿ ಬಂದಿದ್ದು ಈ ಪತ್ರಿಕೆಯಲ್ಲೇ. ಹಾಸನದ ಬಾನು ಮುಷ್ತಾಕ್ ಇದೇ ಪತ್ರಿಕೆಗೆ ವರದಿಗಾರ್ತಿಯಾಗಿದ್ದರು. 2025ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ಅದನ್ನು ನೋಡಲು ಲಂಕೇಶ್ ಇರಲಿಲ್ಲ. 2000ದ ಜನವರಿ 25ರಂದು ತೀರಿಕೊಂಡಿದ್ದರು.

ನಾನು ಕೆಲಸ ಮಾಡುವ ಈ ಕಾಲದಲ್ಲಿ ಪುಟಕ್ಕೆ ಮಿತಿಯಿಲ್ಲ, ಅಚ್ಚಿನ ಖರ್ಚೂ ಇಲ್ಲ. ಆದರೂ ಪರಿಚಯವಿಲ್ಲದ ಹೆಣ್ಣುಮಗಳೊಬ್ಬಳ ಬರಹ ಬಂದರೆ ನಾವು ಮೊದಲು ನೋಡೋದು ಏನನ್ನು? ಬರಹವನ್ನೋ, ಅವಳು ಯಾರ ಪೈಕಿ ಅನ್ನೋದನ್ನೋ?